ಮೊಟ್ಟೆಯಕ್ಕನ ಕೈಯಲ್ಲುಳಿದ ಹಳದಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಅಡುಗೆಮನೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಬೋಗುಣಿಯ ಅಂಚಿಗೆ ಮೊಟ್ಟೆ ಕುಟ್ಟಿ ಅಂಗೈಗೆ ಒಡೆಯುತ್ತಾರೆ. ಬಿಳಿ ಬೆರಳ ಸಂದಿಯಿಂದ ಇಳಿದುಹೋಗುತ್ತದೆ, ಹಳದಿ ಅಂಗೈಯಲ್ಲೇ ಕೂರುತ್ತದೆ. ತಕ್ಷಣ ನಾಲಿಗೆ ಕಚ್ಚಿಕೊಂಡು, ಮತ್ತೆ ಅದೇ ಕಥೆ ಎಂದು ಗೊಣಗುತ್ತಾ ಹಳದಿಯನ್ನೂ ಅದೇ ಬೋಗುಣಿಗೆ ಜಾರಿಸುತ್ತಾರೆ.

ಇಡೀ ಆಸ್ಪತ್ರೆಗೆ ಇವರು ಮೊಟ್ಟೆಯಕ್ಕ. ಹೃದಯದ ವಾರ್ಡಿನ ತಿಂಡಿ ಇವರ ಕೈಯದು. ಹಳದಿ ತೆಗಿ, ಹಾಲಿನ ಕೆನೆ ತೆಗಿ, ಬೆಣ್ಣೆಯ ಸುದ್ದಿಗೇ ಹೋಗಬೇಡ, ಬ್ರೆಡ್ ಬೇಕಾದಷ್ಟು ಕೊಡು ಎಂದು ಮೇಲಿನವರು ಹೇಳಿದ್ದನ್ನು ವರ್ಷಗಟ್ಟಲೆ ಚಾಚೂ ತಪ್ಪದೆ ಪಾಲಿಸಿದವರು. ಈಗ ಅದೇ ಮೇಲಿನವರು ಬಂದು, ಕೊಬ್ಬು ಹಿತಮಿತವಾಗಿ ಇರಲಿ, ಮೊಟ್ಟೆ ಇಡಿಯಾಗಿ ಕೊಡಬಹುದು, ಮೈದಾ ಸಕ್ಕರೆ ಕಡಿಮೆ ಮಾಡಿ ಅನ್ನುತ್ತಿದ್ದಾರೆ. ಇಷ್ಟು ವರ್ಷ ಎಲ್ಲಿದ್ದಿರಿ ಸ್ವಾಮಿ ಅಂತ ನನಗೆ ರೇಗುತ್ತದೆ. ಅಕ್ಕನಿಗೆ ಮಾತ್ರ ಕೋಪವಿಲ್ಲ. "ಅವರಿಗೂ ಆವಾಗ ಅಷ್ಟೇ ಗೊತ್ತಿತ್ತೇನೋ ಬಿಡಿ" ಅನ್ನುತ್ತಾರೆ.

ಹೊಸ ಸಲಹೆ ಬಂದ ಮೊದಲ ದಿನವಂತೂ ಕೈ ತನ್ನ ಪಾಡಿಗೆ ತಾನು ಅಷ್ಟೂ ಮೊಟ್ಟೆಗಳ ಬಿಳಿ ಒಂದು ಕಡೆ, ಹಳದಿ ಒಂದು ಕಡೆ ಮಾಡಿ ಮುಗಿಸಿತ್ತು. ಅಡುಗೆಮನೆಯವರು ಬಿದ್ದು ಬಿದ್ದು ನಕ್ಕರು. ಕೊನೆಗೆ ಎರಡನ್ನೂ ಒಟ್ಟಿಗೆ ಸುರಿದು, ಕಲಕಿ, ಆಮ್ಲೆಟ್ ಹೊಯ್ದರು. ವಾರ್ಡಿನಿಂದ ತಟ್ಟೆಗಳು ಖಾಲಿಯಾಗಿ ವಾಪಸ್ ಬಂದದ್ದು ಅವತ್ತೇ ಮೊದಲು.

ನಗು ಅಡುಗೆಮನೆಗಷ್ಟೇ. ಅಕ್ಕನ ಯಜಮಾನರು ಬಸ್ ಓಡಿಸುತ್ತಿದ್ದವರು, ಎದೆನೋವು ಬಂದು ಇದೇ ವಾರ್ಡಿನಲ್ಲಿ ಮಲಗಿ ಎದ್ದವರು. ಅಂದಿನಿಂದ ಮನೆಯಲ್ಲೂ ಆಸ್ಪತ್ರೆಯದೇ ಕಾನೂನು. ಅವರಿಗೆ ಬರೀ ಬಿಳಿ, ಹೊಟ್ಟೆ ತುಂಬಲಿ ಅಂತ ಬ್ರೆಡ್ಡು, ಜ್ಯಾಮು. ಹಳದಿ ಬಿಸಾಡಲು ಮನಸ್ಸು ಬಾರದೆ ಅಕ್ಕ ತಾವೇ ತಿಂದರು. ಈ ವರ್ಷ ಯಜಮಾನರಿಗೆ ಶುಗರ್ ಏರಿತು. ಅದರ ಬೆನ್ನಿಗೇ ಈ ಹೊಸ ಸಲಹೆ.

"ಕೈಯಾರೆ ನಾನೇ ಅವರಿಗೆ ಕಾಯಿಲೆ ಬಡಿಸಿದ್ನಾ ಅನ್ನಿಸ್ತು. ಊಟ ಸೇರ್ಲಿಲ್ಲ, ಅವರ ಮುಖ ನೋಡೋಕೂ ಆಗ್ಲಿಲ್ಲ."

ಬ್ರೆಡ್ಡು, ಜ್ಯಾಮು ಬಿಡಿಸಿ, ಜೀವ ಕೈಯಲ್ಲಿ ಹಿಡಿದು ಕಾದರು. ಹೋದ ವಾರ ಡಾಕ್ಟರು ಪರೀಕ್ಷೆ ಮಾಡಿ, ಶುಗರ್ ಹತೋಟಿಗೆ ಬಂದಿದೆ, ಹೃದಯ ಗಟ್ಟಿಯಾಗಿದೆ, ಇಡೀ ಮೊಟ್ಟೆ ಧಾರಾಳವಾಗಿ ಕೊಡಿ ಅಂದರು. ಇದು ನಿಮ್ಮ ತಪ್ಪಲ್ಲ ಅಂತಲೂ ಹೇಳಿದರು. ಅಕ್ಕ ಹೊರಗಿನ ಬೆಂಚಿನ ಮೇಲೆ ಕೂತು ಮನಸಾರೆ ಅತ್ತರಂತೆ. ಎದೆಯ ಮೇಲಿನ ಕಲ್ಲು ಇಳಿಯಿತು ಅನ್ನುವಾಗ ಈಗಲೂ ಅವರ ಕಣ್ಣು ತುಂಬುತ್ತದೆ.

ಮರುದಿನ ಮೊಟ್ಟೆ ಬೇಯಿಸಿ, ಇಡಿಯಾಗಿ ಗಂಡನ ತಟ್ಟೆಗಿಟ್ಟರು. ಅವರೋ, ಅದನ್ನು ಹೋಳು ಮಾಡಿ, ಅಭ್ಯಾಸಬಲದಿಂದ ಹಳದಿಯನ್ನು ಹೆಂಡತಿಯ ತಟ್ಟೆಗೆ ದಾಟಿಸಿದರು. ಅಕ್ಕ ಅದನ್ನು ತಿರುಗಿ ಅವರ ತಟ್ಟೆಗೇ ಇಟ್ಟರು.

"ಇಷ್ಟು ವರ್ಷ ನಿಮ್ಮ ಪಾಲು ನಾನೇ ತಿಂದಿದ್ದೀನಿ. ಮೇಲಿನೋರು ಮತ್ತೆ ಮಾತು ಬದಲಾಯಿಸೋದ್ರೊಳಗೆ ಇದನ್ನ ತಿಂದ್ಬಿಡಿ ಅಂದೆ."