ಮೂರನೆಯ ಒಂಬತ್ತು

ಕೊರಿಯಾದ ಬುಸಾನಿನ ಗುಡ್ಡದ ಮೇಲಿನ ಬಯಲು ಗರಡಿಯಲ್ಲಿ ಯಾರೂ ತಮ್ಮ ಎಣಿಕೆಯನ್ನು ತಾವೇ ಎಣಿಸಿಕೊಳ್ಳುವುದಿಲ್ಲ. ಭಾರ ಎತ್ತುವವನು ಎತ್ತಬೇಕು, ಜೋಡಿಯವನು ಎಣಿಸಬೇಕು. ಹದಿನಾಲ್ಕು ವರ್ಷ ತೇಸಿಕನಿಗೆ ಎಣಿಸಿದವನು ಗಿಲ್ನಾಮ್. ಇಬ್ಬರೂ ಬೂಟಿನ ಕಾರ್ಖಾನೆಯಲ್ಲಿ ಒಂದೇ ಯಂತ್ರದ ಎರಡು ಬದಿಗೆ ನಿಂತು ಮುದುಕರಾದವರು. ನಿವೃತ್ತಿಯ ಮರುದಿನವೇ ಗುಡ್ಡ ಹತ್ತಿದ್ದರು.

ತೇಸಿಕನ ಕಟ್ಟಳೆ ಸರಳ. ದಿನಾ ಬರಬೇಕು; ಕಾಲು, ಬೆನ್ನು, ಎದೆ, ತೋಳು ಎಲ್ಲಕ್ಕೂ ಹತ್ತು ಹತ್ತು ಸಲ ಕೆಲಸ ಕೊಡಬೇಕು; ಇನ್ನೆರಡು ಸಲಕ್ಕಾಗುವಷ್ಟು ಕಸುವು ಮೈಯಲ್ಲಿರುವಾಗಲೇ ಕಬ್ಬಿಣ ಕೆಳಗಿಡಬೇಕು.

"ಇವತ್ತೇ ಎಲ್ಲಾ ಸುರಿದ್ಬಿಟ್ರೆ ನಾಳೆ ನಿಮ್ಮಪ್ಪ ಬಂದು ಎತ್ತತಾನಾ?" ಎಂದು ಹೊಸಬರನ್ನು ಬೈಯುತ್ತಿದ್ದ.

ಇಂಥ ಶಿಸ್ತಿನವನನ್ನು ಕೆಣಕದೆ ಬಿಟ್ಟರೆ ಅವನು ಗಿಲ್ನಾಮನೇ ಅಲ್ಲ. ಕೊನೆಯ ಸುತ್ತಿನಲ್ಲಿ "ಎಂಟು, ಒಂಬತ್ತು, ಒಂಬತ್ತು, ಹತ್ತು" ಎನ್ನುತ್ತಿದ್ದ. ಸುತ್ತಲಿನ ಮುದುಕರು ಮುಸಿಮುಸಿ ನಗುತ್ತಿದ್ದರು. ತೇಸಿಕ ಹಲ್ಲು ಕಚ್ಚಿಕೊಂಡು ಹನ್ನೊಂದು ಎತ್ತುತ್ತಿದ್ದ. ಒಂದು ದಿನವೂ ತಕರಾರು ಮಾಡಲಿಲ್ಲ.

ಕಳೆದ ಮಾರ್ಚಿನ ಒಂದು ಬೆಳಗ್ಗೆ ಚಳಿಗೆ ಬೇರೆ ಯಾರೂ ಬಂದಿರಲಿಲ್ಲ. ಗಿಲ್ನಾಮನಿಗೆ ಹುರುಪು ಹೆಚ್ಚಾಗಿ ಒಂಬತ್ತನ್ನು ಮೂರು ಸಲ ಹೇಳಿದ. ತೇಸಿಕ ಹನ್ನೆರಡೂ ಎತ್ತಿ, ಸರಳನ್ನು ಮೆಲ್ಲಗೆ ಇಳಿಸಿ, ಒರತೆಯ ಹತ್ತಿರ ನೀರು ಕುಡಿಯಲು ಹೋದವನು ಸೌಟು ಕೈಯಲ್ಲಿರುವಾಗಲೇ ಕುಸಿದ. ಮತ್ತೆ ಏಳಲಿಲ್ಲ. ಹೃದಯದ ಹಳೆಯ ಕಾಯಿಲೆ ಎಂದರು ವೈದ್ಯರು. ಅಂದಿನ ಎಣಿಕೆಯ ವಿಚಾರ ಗಿಲ್ನಾಮನೊಬ್ಬನಿಗೇ ಗೊತ್ತಿತ್ತು.

ಅಂದಿನಿಂದ ಒಂಬತ್ತು ಅವನ ಬೆನ್ನು ಬಿಡಲಿಲ್ಲ. ಗುಡ್ಡದ ಒಂಬತ್ತನೆಯ ಮೆಟ್ಟಿಲಿನಲ್ಲಿ ಕಾಲು ನಿಂತುಬಿಡುತ್ತಿತ್ತು. ಸರಳು ಹಿಡಿದರೆ ಎಂಟರ ನಂತರ ಹಿಂದಿನಿಂದ ಏದುಸಿರು ಕೇಳುತ್ತಿತ್ತು. ತಿರುಗಿದರೆ ಪೈನ್ ಮರಕ್ಕೆ ನೇತುಹಾಕಿದ ಗಡಿಯಾರ ಮಾತ್ರ. ಹೆದರಿಕೆಯಾಗುತ್ತಿತ್ತು. ಆದರೂ, ತಾನು ಹೋಗದಿದ್ದರೆ ಆ ಉಸಿರು ಅಲ್ಲಿ ಒಂಟಿಯಾಗುತ್ತದೆಂದು ದಿನಾ ಹೋಗುತ್ತಿದ್ದ.

ಮೇ ತಿಂಗಳಲ್ಲಿ ತೇಸಿಕನ ಹೆಂಡತಿ ಒಕ್‌ಬುನ್ ಗುಡ್ಡ ಹತ್ತಿ ಬಂದಳು. ಕೈಯಲ್ಲಿ ಗಂಡನ ಕೈಗವಸು.

"ಮಂಡಿ ಹಿಡ್ಕೊಂಡ್ಬಿಟ್ಟಿದೆ ಕಣಪ್ಪಾ. ಇನ್ಮೇಲೆ ನಾನೂ ಎತ್ತತೀನಿ. ಎಣಿಸು."

"ಅತ್ತಿಗೆ, ಬೇರೆ ಯಾರಾದ್ರೂ ಎಣಿಸ್ಲಿ ಬಿಡಿ."

"ಯಾಕೆ, ಹತ್ತರ ತನಕ ಬರಲ್ವಾ ನಿಂಗೆ?"

ಅವಳು ಖಾಲಿ ಸರಳು ಎತ್ತಿದಳು. ಅವನು ಎಣಿಸಿದ. ಎಂಟು, ಒಂಬತ್ತು, ಹತ್ತು.

ಒಕ್‌ಬುನ್ ಸರಳು ಇಳಿಸಿ ನಕ್ಕಳು. "ಒಂಬತ್ತು ಒಂದೇ ಸಲಾನಾ? 'ಗಿಲ್ನಾಮ್ ಎರಡು ಸಲ ಹೇಳ್ತಾನೆ, ನಂಗೆ ಗೊತ್ತಾಗಲ್ಲ ಅಂದ್ಕೊಂಡಿದಾನೆ ಪೆದ್ದ, ಅವ್ನಿಗೆ ಅಂತಾನೇ ಒಂದು ಉಳಿಸಿಟ್ಕೊಂಡಿರ್ತೀನಿ' ಅಂತ ನಿಮ್ಮಣ್ಣ ಹೇಳ್ತಾನೇ ಇರೋರು."

ಇಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಗಿಲ್ನಾಮ್ ಬದುಕಿಕೊಳ್ಳುತ್ತಿದ್ದ. ಕ್ಷಮೆ ತಾನಾಗಿಯೇ ಕಾಲ ಬಳಿ ಬಂದು ಬಿದ್ದಿತ್ತು. ಆದರೆ ಬೆನ್ನ ಹಿಂದೆ ಆ ಏದುಸಿರು ಶುರುವಾಯಿತು.

"ಅತ್ತಿಗೆ, ಅವತ್ತು ನಾನು ಮೂರು ಸಲ ಹೇಳ್ದೆ."

ಅವಳ ನಗು ಅಲ್ಲೇ ನಿಂತಿತು. ಕೈಗವಸಿನ ಬಿಚ್ಚಿದ ಹೊಲಿಗೆಯನ್ನು ನೋಡಿದಳು. ಮೆಟ್ಟಿಲಿಳಿದು ಹೋದಳು.

ಮರುದಿನ ಬರಲಾರಳೆಂದುಕೊಂಡಿದ್ದ. ಬಂದಳು. ಇವತ್ತಿಗೂ ದಿನಾ ಬರುತ್ತಾಳೆ. ಅವನು ಪಕ್ಕದಲ್ಲಿ ನಿಲ್ಲಬೇಕು, ಆದರೆ ಎಣಿಸುವವಳು ಅವಳೇ, ಜೋರಾಗಿ. ಒಂಬತ್ತು ಎಂದ ಮೇಲೆ ಇನ್ನೊಂದು ಸಲ ಎತ್ತಿ, ಸರಳನ್ನು ಎದೆಗೆ ಹಿಡಿದುಕೊಂಡು ಅವನ ಮುಖ ನೋಡುತ್ತಾಳೆ. ಅವನ ಬಾಯಿಂದ ಹತ್ತು ಎಂದು ಬರುವ ತನಕ ಕೆಳಗಿಡುವುದಿಲ್ಲ.