ಗೇಟಿನಾಚೆ ನಿಂತ ತಂಗಿ

ಒಂಟಿಕೊಪ್ಪಲಿನ ನಮ್ಮ ಮನೆಯ ಗೇಟಿನಾಚೆಯೇ ತಂಗಿ ನಿಂತುಬಿಟ್ಟಳು. ಅವಳು ದನಗಳಿಗೆ ಬರುವ ವೈರಸ್ ಕಾಯಿಲೆಗಳ ಸಂಶೋಧಕಿ. ನಾನು ಗೌರಿ ಎಂಬ ಒಂದು ಹಸು ಕಟ್ಟಿಕೊಂಡು ಹಾಲು ಮಾರುವವಳು. ದೊಡ್ಡ ಓದು ಓದಿದವಳಿಗೆ ನಮ್ಮ ಕೊಟ್ಟಿಗೆ ವಾಸನೆ ಎಲ್ಲಿ ಸೇರೀತು ಎಂದು ಒಳಗೇ ಕುದಿದೆ.

“ಒಳಗ್ ಬಾರೇ,” ಎಂದೆ.

“ಬೇಡ ಕಣಕ್ಕ. ಬೆಳಗ್ಗೆಯಿಂದ ಗಂಟುರೋಗದ ಹಸುಗಳನ್ನೇ ಮುಟ್ಟಿದೀನಿ. ಸ್ನಾನ ಮಾಡ್ದೆ, ಬಟ್ಟೆ ಬದಲಾಯಿಸ್ದೆ ಗೌರಿ ಹತ್ರ ಬರಬಾರ್ದು. ಅಮ್ಮನ್ನ ನೋಡ್ಕೊಂಡ್ ಹೋಗೋಣ ಅಂತ ಬಂದೆ ಅಷ್ಟೆ.”

ಅಮ್ಮ ಓಡೋಡಿ ಸಾರನ್ನ ಕಲಸಿ ತಂದಳು. ಕಾಯಿಲೆ ಹಸು ಮುಟ್ಟಿದ ಕೈಯಲ್ಲಿ ಮಗಳು ಉಣ್ಣುವುದು ಬೇಡವೆಂದು ಗೇಟಿನ ಮೇಲಿಂದ ತಾನೇ ತುತ್ತಿಟ್ಟಳು. ದಿನವೂ ಹಾಲು ಕರೆದು, ಸಗಣಿ ಬಾಚುವ ನನಗೆ ಅವಳು ಹಾಗೆ ತುತ್ತಿಟ್ಟದ್ದು ನೆನಪೇ ಇಲ್ಲ.

ತಂಗಿಯ ದನಿ ಗುರುತು ಹಿಡಿದು ಕೊಟ್ಟಿಗೆಯಿಂದ ಗೌರಿ ಅಂಬಾ ಎಂದಳು. ತಾಯಿಯಿಲ್ಲದ ಕರುವಾಗಿದ್ದಾಗ ಅವಳಿಗೆ ಬಾಟಲಿಯಲ್ಲಿ ಹಾಲು ಕುಡಿಸಿದವಳು ತಂಗಿಯೇ. ಅವಳ ಕೈ ತಾನಾಗಿ ಮುಂದೆ ಬಂತು. ಮರುಕ್ಷಣ ಬೆನ್ನ ಹಿಂದೆ ಸರಿಯಿತು. ಕಣ್ಣು ತುಂಬಿತ್ತು.

ಅವಳು ಹೋದ ಮೇಲೆ, ಅವಳು ಸವರಲಾಗದ ಕತ್ತನ್ನು ನಾನು ಸವರಿದೆ. ಪಾಪ ಎನಿಸಿದ್ದು ನಿಜ. ಹೊಟ್ಟೆಕಿಚ್ಚು ಮಾತ್ರ ಆರಲಿಲ್ಲ. ಗೌರಿ ಇನ್ನೂ ಗೇಟಿನ ಕಡೆಗೇ ನೋಡುತ್ತಿದ್ದಳು.