ಆಷಾಢದಲ್ಲಿ ಅಜ್ಜಂಪುರಕ್ಕೆ ಮೋಟಾರ್ ಸೈಕಲ್

ಕಡೂರು ಬಿಟ್ಟಾಗ ಬೆಳಗಿನ ಎಂಟು ಗಂಟೆ. ಮೋಡ ಮುಸುಕಿತ್ತು, ಗಾಳಿ ಜೋರಾಗಿತ್ತು, ಮಳೆ ಬರಲೋ ಬೇಡವೋ ಎಂದು ಮೀನಮೇಷ ಎಣಿಸುತ್ತಿತ್ತು. ಎಪ್ಪತ್ತರ ದಶಕದ ಕೊನೆಯ ಮಾತು. ನನಗೆ ಮದುವೆಯಾಗಿ ಎರಡು ತಿಂಗಳಾಗಿತ್ತು, ಸೆಕೆಂಡ್ ಹ್ಯಾಂಡ್ ಮೋಟಾರ್ ಸೈಕಲ್ ಮನೆಗೆ ಬಂದು ಎರಡು ವಾರವಾಗಿತ್ತು. ಹೆಂಡತಿ ಗಿರಿಜೆ ಆಷಾಢಕ್ಕೆಂದು ಅಜ್ಜಂಪುರದ ತವರಿಗೆ ಹೋಗಿದ್ದಳು. ಮದುವೆಯಾದ ಮೊದಲ ವರ್ಷ ಆ ತಿಂಗಳು ಸೊಸೆ ಅತ್ತೆಯ ಮನೆಯಲ್ಲಿ ಇರಬಾರದು, ಅಳಿಯ ಅತ್ತೆಯ ಮನೆಯ ಹೊಸಿಲು ತುಳಿಯಬಾರದು. ಈ ಕಟ್ಟಳೆ ಮಾಡಿದವರು ಯಾರೋ ತಿಳಿಯದು, ಹೊಸದಾಗಿ ಮದುವೆಯಾದವರಂತೂ ಅಲ್ಲ.

ಎರಡು ವಾರ ಹೇಗೋ ತಳ್ಳಿದ್ದೆ. ಆಮೇಲೆ ಊಟ ಸೇರದಾಯಿತು. ನಮ್ಮ ಕೊಬ್ಬರಿ ಮಂಡಿಯಲ್ಲಿ ಕೂತರೆ ತಕ್ಕಡಿಯ ಮುಳ್ಳು ನೋಡುವ ಬದಲು ಅಜ್ಜಂಪುರದ ದಿಕ್ಕು ನೋಡುತ್ತಿದ್ದೆ. ಅವಳನ್ನು ಒಂದು ಸಲ ನೋಡಬೇಕಿತ್ತು, ಅಷ್ಟೇ. ಹೊಸಿಲು ದಾಟುವ ಯೋಚನೆ ಇರಲಿಲ್ಲ. ಬೀದಿಯಲ್ಲೇ ನಿಂತು ನಾಲ್ಕು ಮಾತಾಡಿ ಬಂದರೆ ಸಾಕಿತ್ತು. ಬಸ್ಸಿಗೆ ಹೋಗಬಹುದಿತ್ತು, ಆದರೆ ಆ ದಾರಿಯ ಕಂಡಕ್ಟರುಗಳೆಲ್ಲ ನಮ್ಮ ಮನೆಯವರಿಗೆ ಪರಿಚಯ. ನಾನು ಇಳಿಯುವ ಮೊದಲೇ ಸುದ್ದಿ ಅಮ್ಮನಿಗೆ ಮುಟ್ಟುತ್ತಿತ್ತು. ಹಾಗಾಗಿ ಗಾಡಿ ಪಳಗಿಸಲು ಬೀರೂರಿನ ಕಡೆ ಹೋಗಿ ಸಂಜೆಗೆ ಬರುತ್ತೇನೆಂದು ಅಮ್ಮನಿಗೆ ಹೇಳಿ ಹೊರಟೆ. ಹೆಡ್‌ಲೈಟ್ ಉರಿಯುತ್ತಿರಲಿಲ್ಲ. ಕತ್ತಲಾಗುವುದರೊಳಗೆ ವಾಪಸು ಬರಲೇಬೇಕಿತ್ತು.

ಗಾಡಿಯ ಬಗ್ಗೆ ನನಗೆ ಗೊತ್ತಿದ್ದದ್ದು ಕಡಿಮೆ, ಭಯ ಜಾಸ್ತಿ. ಗೇರು ಹಾಕುವುದು ಬರುತ್ತಿತ್ತು, ನ್ಯೂಟ್ರಲ್ ಮಾತ್ರ ಕೈಗೆ ಸಿಗುತ್ತಿರಲಿಲ್ಲ. ನಿಲ್ಲಬೇಕಾದರೆ ಕ್ಲಚ್ಚು ಹಿಡಿದುಕೊಂಡೇ ನಿಲ್ಲುತ್ತಿದ್ದೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವ ಗಾಡಿ ಅದು. ದೂರದ ಪ್ರಯಾಣವೆಂದು, ನೆಂಟರಿಗೆ ಬೇಡಬೇಡವೆಂದರೂ ತುಪ್ಪ ಬಡಿಸುವ ನಮ್ಮ ಮನೆಯ ರೂಢಿಯಂತೆ, ಬಂಕಿನಲ್ಲಿ ಆಯಿಲನ್ನು ಒಂದು ಪಾಲು ಹೆಚ್ಚಾಗಿಯೇ ಹಾಕಿಸಿದ್ದೆ. ಗಾಡಿ ಹಿಂದೆ ಹೊಗೆಯ ಮೆರವಣಿಗೆ ಬಿಟ್ಟುಕೊಂಡು ಓಡುತ್ತಿತ್ತು. ಗಟ್ಟಿಮುಟ್ಟಾಗಿದೆ ಎಂದು ನಾನು ಹಿಗ್ಗುತ್ತಿದ್ದೆ.

ಬೀರೂರಿನಿಂದ ಅಜ್ಜಂಪುರಕ್ಕೆ ನೇರ ದಾರಿ ಇದೆ. ಆದರೆ ಆಗ ಅದಕ್ಕೆ ಉದ್ದಕ್ಕೂ ಜಲ್ಲಿ ಸುರಿದಿದ್ದರು. ಹೊಸಬನಾದ ನನಗೆ ಆ ಜಲ್ಲಿಯ ಮೇಲೆ ಹೋಗುವ ಧೈರ್ಯವಾಗಲಿಲ್ಲ. ಸುತ್ತಾದರೂ ಸರಿ ಎಂದು ತರೀಕೆರೆಯ ಟಾರು ರಸ್ತೆ ಹಿಡಿದೆ. ಎದುರಿಗೆ ಲಾರಿ ಬಂದಾಗಲೆಲ್ಲ ರಸ್ತೆಯಿಂದ ಇಳಿದು ಮಣ್ಣಿಗೆ ಹೋಗುತ್ತಿದ್ದೆ. ಲಾರಿ ದಾಟಿದ ಮೇಲೆ ಅದರ ಗಾಳಿ ಗಾಡಿಯನ್ನು ಆ ಕಡೆ ಎಳೆಯುತ್ತಿತ್ತು, ಆಷಾಢದ ಗಾಳಿ ಈ ಕಡೆ ನೂಕುತ್ತಿತ್ತು. ತರೀಕೆರೆ ಇನ್ನೇನು ಬಂತು ಅನ್ನುವಷ್ಟರಲ್ಲಿ ರೈಲ್ವೆ ಗೇಟು ಬಿತ್ತು. ಕ್ಲಚ್ಚು ಹಿಡಿದ ಕೈ ಸೋತು ಇಂಜಿನ್ ನಿಂತಿತು. ರೈಲು ಹೋಯಿತು, ಗೇಟು ಎದ್ದಿತು, ಹಿಂದಿದ್ದ ಬಸ್ಸು ಹಾರ್ನ್ ಹೊಡೆದೇ ಹೊಡೆಯಿತು. ಎಷ್ಟು ಒದ್ದರೂ ಗಾಡಿ ಜಪ್ಪಯ್ಯ ಅನ್ನಲಿಲ್ಲ. ಪಕ್ಕದಲ್ಲಿದ್ದ ಎತ್ತಿನ ಗಾಡಿಯವನು, ಬೇಕಾದರೆ ನನ್ನ ಎತ್ತು ಕಟ್ಟು ಎಂದು ನಗುತ್ತಾ ಮುಂದೆ ಹೋದ.

ಊರೊಳಗಿನ ಶೆಡ್ಡಿನವರೆಗೆ ತಳ್ಳಿಕೊಂಡು ಹೋದೆ. ಮೆಕ್ಯಾನಿಕ್ ರಹೀಮ್ ಸಾಬರು ಮೊದಲು ಕಾರ್ಬೊರೇಟರ್ ಬಿಚ್ಚಿದರು, ಅಲ್ಲೇನೂ ಸಿಗದೆ ಮತ್ತೆ ಕೂಡಿಸಿದರು. ಅದಾದ ಮೇಲೆ ಪ್ಲಗ್ಗು ತೆಗೆದು ನೋಡಿದರೆ ಕಾಡಿಗೆ ಮೆತ್ತಿದಂತೆ ಮಸಿ.

"ಹಬ್ಬದ ಊಟ ಹಾಕ್ಬಿಟ್ಟೀರಲ್ಲ ಸ್ವಾಮಿ ಇದಕ್ಕೆ," ಅಂದರು. "ಎಣ್ಣೆ ಖಾಲಿ ಆಗೋವರ್ಗೂ ಹಿಂಗೇ. ಅಜ್ಜಂಪುರ ಮುಟ್ಟೋಗಂಟ ಇಂಜಿನ್ ಆಫ್ ಮಾಡ್ಬೇಡಿ. ಮಾಡಿದ್ರೆ ಪ್ಲಗ್ ಆರೋದು ಕಾದು ಉಜ್ಜಬೇಕಾಗ್ತದೆ."

ಉಜ್ಜಲು ಒಂದು ತುಂಡು ಉಪ್ಪುಕಾಗದವನ್ನೂ ಕೊಟ್ಟರು. ಅವರು ಪ್ಲಗ್ಗು ಉಜ್ಜಿ ಕೂಡಿಸುವಷ್ಟರಲ್ಲಿ ಮೆಣಸಿನಕಾಯಿ ಬಜ್ಜಿ ಮತ್ತು ಮಂಡಕ್ಕಿ ತಿಂದು, ಟೀ ಕುಡಿದು ಹೊರಟೆ.

ಅಮೃತಾಪುರದ ದೇವಸ್ಥಾನದ ಕೆತ್ತನೆಯನ್ನು ಇಲ್ಲಿ ವರ್ಣಿಸಬೇಕಿತ್ತು. ಓದುಗರು ಕ್ಷಮಿಸಬೇಕು, ಇಂಜಿನ್ ನಿಲ್ಲಿಸುವಂತಿರಲಿಲ್ಲ. ಅಲ್ಲಿಂದ ಮುಂದೆ ತೆಂಗು ಕಡಿಮೆಯಾಗಿ ಬಯಲು ಶುರುವಾಯಿತು. ತುಂತುರು ಹಿಡಿಯಿತು. ಅಜ್ಜಂಪುರ ಹತ್ತಿರವಾದಾಗ ಅಮೃತಮಹಲ್ ದನಗಳ ದೊಡ್ಡ ಹಿಂಡು ರಸ್ತೆಗೆ ಅಡ್ಡ ಬಂತು. ಆ ಕೊಂಬು ನೋಡಿ ವೇಗ ತಗ್ಗಿಸಿದೆ. ನಿಲ್ಲುವ ಹಾಗಿಲ್ಲ, ನುಗ್ಗುವ ಹಾಗಿಲ್ಲ. ಪಕ್ಕದ ಬಯಲಿಗೆ ಇಳಿದು, ಹಿಂಡು ದಾಟುವವರೆಗೂ ಗಾಣದೆತ್ತಿನಂತೆ ಸುತ್ತು ಹೊಡೆದೆ. ದನ ಕಾಯುವವನು ಕೋಲಿಗೆ ಗಲ್ಲ ಊರಿ ನೋಡುತ್ತಾ ನಿಂತಿದ್ದ. ಅವನಿಗೆ ಏನನ್ನಿಸಿತೋ ತಿಳಿಯದು.

ಮಾವನ ಮನೆಯ ಮುಂದೆ ನಿಂತಾಗ ಮಧ್ಯಾಹ್ನ ದಾಟಿತ್ತು. ಮಾವ ವ್ಯಾಪಾರಕ್ಕೆಂದು ಹತ್ತಿರದ ಶಿವನಿ ಊರಿಗೆ ಹೋಗಿದ್ದರು. ಗಾಡಿಯ ಸದ್ದಿಗೆ ಗಿರಿಜೆ ಜಗಲಿಗೆ ಬಂದಳು. ಕೈಯಲ್ಲಿ ಹಿಟ್ಟು ಮೆತ್ತಿತ್ತು. ನನ್ನನ್ನು ನೋಡಿ ಬಾಯಿ ತೆರೆದಳು, ಏನೋ ಕೇಳಿದಳು. ಇಂಜಿನ್ನಿನ ಗದ್ದಲದಲ್ಲಿ ಒಂದಕ್ಷರ ಕೇಳಲಿಲ್ಲ. ಮತ್ತೆ ಕೇಳಿದಳು. ಮತ್ತೂ ಕೇಳಲಿಲ್ಲ. ಎರಡು ವಾರ ಆ ದನಿಗಾಗಿ ಒದ್ದಾಡಿದವನು ಅವಳ ತುಟಿ ಅಲುಗುವುದನ್ನಷ್ಟೇ ನೋಡುತ್ತಾ ಕೂತಿದ್ದೆ. ನಿಲ್ಲಿಸಿದರೆ ಮತ್ತೆ ಹೊರಡದೇ ಹೋಗಬಹುದು. ಹೊರಡದಿದ್ದರೆ ರಾತ್ರಿ ಉಳಿಯಲು ಆ ಊರಲ್ಲಿ ನನಗೆ ಮನೆಯಿಲ್ಲ. ಇದೆಲ್ಲ ಗೊತ್ತಿದ್ದೂ ಕೀಲಿ ತಿರುಗಿಸಿದೆ.

"ಯಾವಾಗ ಹೊರಡ್ತೀರಿ ಅಂತ ಕೇಳ್ದೆ," ಅಂದಳು.

ಅದಿನ್ನು ಗಾಡಿಯ ಕೈಯಲ್ಲಿದೆ ಎಂದು ಎಲ್ಲ ಹೇಳಿದೆ. ಒಳಗಿಂದ, ಬಾಗಿಲ ಮರೆಯಿಂದ ಅತ್ತೆಯ ದನಿ ಬಂತು. "ಜಗಲಿ ಮೇಲೆ ಕೂತ್ಕಳಕ್ಕೆ ಹೇಳೇ. ಅದು ಹೊಸಿಲಿಂದಾಚೆಗೇ ಐತೆ."

ಜಗಲಿಯ ಮೇಲೆಯೇ ಬಿಸಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೊಸರು ಬಂದವು. ಅತ್ತೆ ಹೊಸಿಲ ಒಳಗಿಂದ ತಟ್ಟೆ ಚಾಚುವುದು, ಗಿರಿಜೆ ಅದನ್ನು ನನಗೆ ತಂದಿಡುವುದು. ಊಟ ಮುಗಿಯುವಷ್ಟರಲ್ಲಿ ಪ್ಲಗ್ಗು ಆರಿತ್ತು. ಬಿಚ್ಚಿ ಉಜ್ಜಲು ಕೂತೆ. ಗಿರಿಜೆ ಅದನ್ನು ಕೈಯಿಂದ ಕಸಿದುಕೊಂಡಳು. ನಿಮಗೆ ಅವಸರ ಜಾಸ್ತಿ ಎಂದು, ತಾನೇ ಉಪ್ಪುಕಾಗದ ಹಿಡಿದು ಉಜ್ಜತೊಡಗಿದಳು. ಅಷ್ಟು ನಿಧಾನವಾಗಿ ಯಾರೂ ಯಾವ ಪಾತ್ರೆಯನ್ನೂ ಬೆಳಗಿರಲಾರರು. ಉಜ್ಜುತ್ತಾ ತವರಿನ ಸುದ್ದಿ ಹೇಳಿದಳು, ನಾನು ಕಡೂರಿನ ಸುದ್ದಿ ಹೇಳಿದೆ. ಅವಳ ಮೊಣಕೈ ನನ್ನ ತೋಳಿಗೆ ತಾಗುತ್ತಿತ್ತು. ಆ ದಿನ ಸೂರ್ಯ ಮೋಡದಾಚೆ ಎಲ್ಲಾದರೂ ಸಿಕ್ಕಿಕೊಂಡಿರಲಿ ಎಂದು ನಾನು ಮನಸಾರೆ ಬಯಸಿದೆ.

ಆದರೆ ಬೆಳಕು ಇಳಿಯುತ್ತಿತ್ತು. ಪ್ಲಗ್ಗು ಕೂಡಿಸಿ ಕಿಕ್ಕರಿನ ಮೇಲೆ ಕಾಲಿಟ್ಟೆ. ಬೆಳಗಿನಿಂದ ದಾರಿಯುದ್ದಕ್ಕೂ ಇದು ಹೊರಡಲಪ್ಪ ಎಂದು ಬೇಡಿಕೊಂಡವನು ನಾನು. ಈಗ ಬೇರೆಯೇ ಬೇಡಿಕೆ ಇತ್ತು.

ಗಿರಿಜೆ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಮೆತ್ತಗೆ ಒದೀರಿ."

ಮೆತ್ತಗೇ ಒದ್ದೆ. ಅವಳು ಉಜ್ಜಿದ ಪ್ಲಗ್ಗು ಹೊಸದರಂತಾಗಿತ್ತು. ಒಂದೇ ಒದೆತಕ್ಕೆ ಗಾಡಿ ಹೊರಟಿತು. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.

ಬೀದಿಯ ತಿರುವಿನಲ್ಲಿ ಕಾಲೂರಿ ನಿಂತು ಹಿಂದೆ ತಿರುಗಿದೆ. ಅವಳು ಜಗಲಿಯಿಂದ ಇಳಿದು ಬೀದಿಯ ನಡುವೆ ನಿಂತಿದ್ದಳು. ಕೈ ಬೀಸೋಣವೆಂದರೆ ಎಡಗೈ ಕ್ಲಚ್ಚಿನ ಮೇಲೆ, ಬಲಗೈ ಆಕ್ಸಿಲರೇಟರಿನ ಮೇಲೆ. ಯಾವುದನ್ನು ಬಿಟ್ಟರೂ ಇಂಜಿನ್ ನಿಲ್ಲುತ್ತಿತ್ತು. ಅದಕ್ಕೇ ಆಕ್ಸಿಲರೇಟರನ್ನು ಎರಡು ಸಲ ಜೋರಾಗಿ ತಿರುವಿದೆ. ಸದ್ದಿಗೆ ಬೀದಿಯ ನಾಯಿಗಳೆಲ್ಲ ಎದ್ದವು, ಹೊಗೆ ತುಂಬಿಕೊಂಡಿತು. ಹೊಗೆ ತಿಳಿಯಾದಾಗ ಅವಳು ಮಸಿಯಾದ ಕೈಯನ್ನು ಮೇಲೆತ್ತಿ ಹಿಡಿದಿದ್ದಳು. ಆಷಾಢ ಮುಗಿಯಲು ಇನ್ನೂ ಅರ್ಧ ತಿಂಗಳಿತ್ತು.